ನಮ್ಮ ಮಕ್ಕಳ ಮಾತೃಭಾಷೆ: ಕರಾವಳಿಯ ಶಾಲೆಗಳ ಹಳೆಯ ಪ್ರಶ್ನೆ

ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ, ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದಿದ್ದಾನೆ. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲವೆಂದೂ, ಇಲ್ಲಿನ ಮಹಿಳೆಯರಿಗೆ ಕುರ್‌ಆನ್ ಕಂಠಪಾಠವಾಗಿತ್ತೆಂದೂ ಹೇಳಿದ್ದಾನೆ. ನಮ್ಮ ಸಭೆ ಸಮಾರಂಭಗಳಲ್ಲಿ ಈ ಮಾತನ್ನು ಹೆಮ್ಮೆಯಿಂದ ಹೇಳುತ್ತೇವೆ; ಹೇಳಬೇಕಾದದ್ದೇ. ಆದರೆ ಅದರಲ್ಲಿ ಇನ್ನೊಂದು ಸಂಗತಿಯೂ ಇದೆ. ಓದುವ ಭಾಷೆ ಒಂದು, ಪೇಟೆಯ ಮಾತು ಇನ್ನೊಂದು ಎಂಬುದು ಈ ಕರಾವಳಿಯ ಮಕ್ಕಳಿಗೆ ಅಂದಿನಿಂದಲೂ ರೂಢಿಯಾದ ವಿಷಯ.

ಇಂದು ಆ ರೂಢಿಯೇ ಚರ್ಚೆಗೆ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಸ್ಥಳೀಯ ಭಾಷೆಯಲ್ಲಿ ಕಲಿಸಬೇಕೆಂದಿತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ನೀಡಿದ ವರದಿಯೂ ಕನಿಷ್ಠ ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಲಿ ಎಂದಿದೆ. ಎರಡೂ ಕಡೆ ಉದ್ದೇಶ ಒಳ್ಳೆಯದೇ. ಹೊಳನಗದ್ದೆಯಿಂದ ಭಟ್ಕಳದವರೆಗಿನ ನಮ್ಮ ಊರುಗಳಲ್ಲಿ ಮಾತ್ರ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಯಾವುದು ಮಾತೃಭಾಷೆ? ಹಾಲಕ್ಕಿ ಕನ್ನಡ, ಹವಿಗನ್ನಡ, ಖಾರ್ವಿಗಳ ಕೊಂಕಣಿ, ನವಾಯತಿ, ದಖನಿ ಉರ್ದು ಇವೆಲ್ಲ ಒಂದೇ ಬಸ್ಸಿನಲ್ಲಿ ಕೇಳಿಬರುವ ಸೀಮೆಯಿದು.

ಶಾಲೆಯ ಭಾಷೆಯನ್ನು ಇಲ್ಲಿ ಎಷ್ಟೋ ಬಾರಿ ದೂರದ ಕಚೇರಿಗಳೇ ನಿಶ್ಚಯಿಸಿವೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅದರ ಹಿಂದಿದ್ದದ್ದು ಮಕ್ಕಳ ಓದಿನ ಚಿಂತೆಯಲ್ಲ, ಹತ್ತಿಯ ಚಿಂತೆ. ಧಾರವಾಡ ಕಡೆಯ ಹತ್ತಿ ಕುಮಟಾ ಬಂದರಿನಿಂದ ಹಡಗೇರುತ್ತಿತ್ತು. ಮುಂಬಯಿಯ ವರ್ತಕರಿಗೆ ಈ ಕರಾವಳಿಯ ಬಂದರುಗಳು ಬೇಕಾಗಿದ್ದವು. ಹಾಗೆ ನಮ್ಮ ಶಾಲೆಗಳೂ ಮುಂಬಯಿ ಶಿಕ್ಷಣ ಇಲಾಖೆಯ ಕೈಗೆ ಹೋದವು. ಇಪ್ಪತ್ತು ವರ್ಷಗಳ ಬಳಿಕ, 1882ರ ಹಂಟರ್ ಆಯೋಗ ಮುಸಲ್ಮಾನರ ಶಿಕ್ಷಣದ ಬಗ್ಗೆ ಪ್ರತ್ಯೇಕ ಶಿಫಾರಸುಗಳನ್ನು ಮಾಡಿತು. ಮುಸಲ್ಮಾನ ಮಕ್ಕಳ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಹಿಂದುಸ್ತಾನಿಯೇ ಮುಖ್ಯ ಮಾಧ್ಯಮವಾಗಲಿ, ಸ್ಥಳೀಯ ಸಮುದಾಯ ಬೇರೆ ಭಾಷೆ ಬಯಸಿದ ಕಡೆ ಅದು ಇರಲಿ ಎಂಬುದು ಅವುಗಳಲ್ಲೊಂದು. ಕಾಲಕ್ರಮದಲ್ಲಿ ನಿಯಮ ಉಳಿಯಿತು, ವಿನಾಯಿತಿ ಮರೆತುಹೋಯಿತು. ಮುಸಲ್ಮಾನನ ಮಗು ಎಂದರೆ ಉರ್ದು ಎಂಬ ಲೆಕ್ಕ ಕಡತಗಳಲ್ಲಿ ಗಟ್ಟಿಯಾಯಿತು.

ನವಾಯತರ ಮನೆಮಾತು ಉರ್ದುವಲ್ಲ. ಕೊಂಕಣಿಯ ಕುಟುಂಬಕ್ಕೆ ಸೇರಿದ, ಅರಬಿ ಫಾರಸಿ ಶಬ್ದಗಳು ಬೆರೆತ, ಅರಬಿ-ಫಾರಸಿ ಲಿಪಿಯಲ್ಲಿ ಬರೆಯುವ ಭಾಷೆ ಅದು. ಹಾಗೆಂದು ಉರ್ದುವನ್ನು ಯಾರೋ ನಮ್ಮ ಮೇಲೆ ಹೇರಿದರು ಎಂದರೆ ಅದೂ ಪೂರ್ತಿ ಸತ್ಯವಲ್ಲ. ದೀನಿ ಗ್ರಂಥಗಳು, ಪತ್ರಿಕೆಗಳು, ದೂರದ ಪಟ್ಟಣಗಳ ವ್ಯಾಪಾರದ ನಂಟು ಎಲ್ಲವೂ ಉರ್ದುವಿನಲ್ಲಿ ಸಿಗುತ್ತಿದ್ದವು. ಹಿರಿಯರು ಅದನ್ನು ಬಯಸಿಯೇ ಆರಿಸಿಕೊಂಡರು. 1919ರಲ್ಲಿ ಭಟ್ಕಳದಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪನೆಯಾಯಿತು. ಅದರ ಪ್ರೌಢಶಾಲೆಯ ಹೆಸರು ಇಸ್ಲಾಮಿಯಾ ಆಂಗ್ಲೋ-ಉರ್ದು ಹೈಸ್ಕೂಲ್. ಹೆಸರಿನಲ್ಲಿ ಎರಡು ಭಾಷೆಗಳಿವೆ. ಎರಡೂ ನವಾಯತರ ಅಡುಗೆಮನೆಯ ಭಾಷೆಗಳಲ್ಲ. ಹಿರಿಯರು ನೋಡಿದ್ದು ಮಗು ಎಲ್ಲಿಂದ ಬಂತು ಎಂಬುದನ್ನಲ್ಲ, ಎಲ್ಲಿಗೆ ಹೋಗಬೇಕು ಎಂಬುದನ್ನು.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿಯಲ್ಲಿ 350ಎ ವಿಧಿಯೂ ಇತ್ತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ. ಮುಂದಿನ ಕಥೆ ಓದುಗರಿಗೆ ಗೊತ್ತಿರುವುದೇ. 1981ರಲ್ಲಿ ಗೋಕಾಕ್ ವರದಿ, ಬಳಿಕ ಚಳವಳಿ, 1989 ಮತ್ತು 1994ರ ಸರಕಾರಿ ಆದೇಶಗಳು, ವರ್ಷಗಟ್ಟಲೆ ನ್ಯಾಯಾಲಯ. ಕೊನೆಗೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆ ತಾಯಿ ಅಥವಾ ಪಾಲಕರು, ಅದೇ ಮಾಧ್ಯಮವಾಗಬೇಕೆಂದು ಸರಕಾರ ಒತ್ತಾಯಿಸುವಂತಿಲ್ಲ ಎಂದಿತು. ಇದರ ನಡುವೆ 1992ರಲ್ಲಿ ಕೊಂಕಣಿ ಎಂಟನೆಯ ಪರಿಚ್ಛೇದಕ್ಕೆ ಸೇರಿತು. ನವಾಯತಿ ಆಡುವ ಮಗುವಿನ ತರಗತಿಯೊಳಗೆ ಅದರಿಂದ ಹೇಳಿಕೊಳ್ಳುವಂಥ ಬದಲಾವಣೆಯೇನೂ ಆಗಲಿಲ್ಲ.

ಹಕ್ಕು ಪಾಲಕರ ಕೈಗೆ ಬಂದಾಯಿತು. ಅದನ್ನು ಬಳಸುವುದರಲ್ಲೇ ಈಗ ತೊಡಕಿರುವುದು. ಏಳನೆಯವರೆಗೆ ಉರ್ದುವಿನಲ್ಲಿ ಓದಿದ ಹುಡುಗಿಗೆ ಎಲ್ಲ ಊರಿನಲ್ಲೂ ಉರ್ದು ಪ್ರೌಢಶಾಲೆ ಸಿಗುವುದಿಲ್ಲ. ಎಂಟನೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಬಂದಾಗ ವಿಜ್ಞಾನ, ಗಣಿತದ ಶಬ್ದಗಳೇ ಅಪರಿಚಿತ. ಗಂಡುಹುಡುಗ ಹೇಗೋ ತೇಲಿ ಗಲ್ಫಿನ ದಾರಿ ಹಿಡಿಯುತ್ತಾನೆ. ಹುಡುಗಿಯ ಓದು ಅಲ್ಲೇ ನಿಲ್ಲುವ ಭಯ ಹೆಚ್ಚು. ಹೆಣ್ಣುಮಕ್ಕಳ 13 ಶಾಲೆಗಳ ಹೆಮ್ಮೆ ಹೇಳುವ ನಮಗೆ ಇದು ಸಣ್ಣ ವಿಷಯವಾಗಬಾರದು. ಇಂಗ್ಲಿಷ್ ಮಾಧ್ಯಮಕ್ಕೆ ಮೊದಲೇ ಸೇರಿಸಿದರೆ ಎಲ್ಲ ಸರಿಯಾಗುತ್ತದೆ ಎಂಬುದನ್ನು ನಾನು ಒಪ್ಪಲಾರೆ. ಮನೆಯಲ್ಲಿ ಇಂಗ್ಲಿಷ್ ಇಲ್ಲದ ಮಗು ಅಲ್ಲಿ ಬಾಯಿಪಾಠ ಮಾಡುತ್ತದೆ, ಕಲಿಯುವುದು ಕಡಿಮೆ.

ಕನ್ನಡ ಹೇಗೂ ಬೇಕೇ ಬೇಕು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಅದನ್ನು ಎಲ್ಲ ಶಾಲೆಗಳಲ್ಲೂ ಕಡ್ಡಾಯಗೊಳಿಸಿದೆ. ಕಾಯ್ದೆಯ ಮಾತು ಬಿಟ್ಟರೂ ಪಂಚಾಯತಿ, ತಹಸೀಲ್ದಾರ ಕಚೇರಿ, ಸರಕಾರಿ ನೌಕರಿಯ ಪರೀಕ್ಷೆ ಎಲ್ಲಕ್ಕೂ ಕನ್ನಡ ಬೇಕು. ಅದನ್ನು ಮನೆಯಲ್ಲಿ ಕನ್ನಡವಿಲ್ಲದ ಮಗುವಿಗೆ ಒಂದನೆಯ ತರಗತಿಯಿಂದಲೇ ಮಾತಾಡಿಸುತ್ತ ಕಲಿಸಬಲ್ಲ, ಮಗುವಿನ ನವಾಯತಿಯನ್ನೋ ದಖನಿಯನ್ನೋ ಅರ್ಥಮಾಡಿಕೊಳ್ಳುವ ಶಿಕ್ಷಕಿ ಬೇಕು. ಅಂಥವರನ್ನು ನಮ್ಮ ಊರಿನ ಹುಡುಗಿಯರಿಂದಲೇ ತಯಾರು ಮಾಡಬಹುದು. ಡಿ.ಎಡ್. ಓದುವವರಿಗೆ ವಿದ್ಯಾರ್ಥಿವೇತನ ಕೊಡುವುದು ಹೊಸ ಕಟ್ಟಡ ಕಟ್ಟುವಷ್ಟು ದುಬಾರಿಯಲ್ಲ.

ಶಾಲೆಗೆ ಸೇರಿಸುವ ಅರ್ಜಿಯಲ್ಲಿ ಮಾತೃಭಾಷೆ ಎಂಬ ಒಂದು ಕಾಲಂ ಇರುತ್ತದೆ. ಅಲ್ಲಿ ಮನೆಯಲ್ಲಿ ನಿಜವಾಗಿ ಆಡುವ ಭಾಷೆಯ ಹೆಸರನ್ನೇ ಬರೆಸಿ. ಆ ಮೇಲೆ ಒಂದನೆಯ ತರಗತಿಗೆ ಕನ್ನಡ ಕಲಿಸುವವರು ಯಾರೆಂದು ಮುಖ್ಯಾಧ್ಯಾಪಕರನ್ನು ಕೇಳಿ, ಅವರನ್ನೊಮ್ಮೆ ಕಂಡು ಬನ್ನಿ.