ಡಬಲ್ ಕ್ಲಚ್ಚಿನಿಂದ ಕೆಂಪು ಎಣ್ಣೆಯವರೆಗೆ

1986ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಆಳಂದದ ಒಂದು ಗ್ಯಾರೇಜಿಗೆ ಕೆಲಸಕ್ಕೆ ಸೇರಿದೆ. ಉಸ್ತಾದರು ಮೊದಲ ತಿಂಗಳು ನನ್ನ ಕೈಗೆ ಪಾನಾ ಕೊಡಲೇ ಇಲ್ಲ. ರಸ್ತೆಗೆ ಬೆನ್ನು ಮಾಡಿ ಕೂರಿಸಿ, ಗಾಡಿಯೊಂದು ಹಾದುಹೋದ ಕೂಡಲೇ ಕೇಳುತ್ತಿದ್ದರು: “ಯಾವ ಗಾಡಿ ಹೋತು ತಮ್ಮಾ? ಯಾವ ಗೇರಿನಾಗಿತ್ತು?” ಲಾರಿಯ ಗೇರು ಹಲ್ಲು ಕಡಿಯುವ ಸದ್ದು, ಜೀಪಿನ ಗುರುಗುಟ್ಟು, ಅಂಬಾಸಿಡರ್ ಎರಡರಿಂದ ಮೂರಕ್ಕೆ ಬೀಳುವಾಗಿನ ಸಣ್ಣ ನಿಟ್ಟುಸಿರು, ಎಲ್ಲವೂ ಕಿವಿಯಲ್ಲಿ ಕೂತ ಮೇಲೆಯೇ ಪಾನಾ ಕೈಗೆ ಬಂತು.

ಈಗ ಜೇವರ್ಗಿಯಲ್ಲಿ ನನ್ನದೇ ಗ್ಯಾರೇಜಿದೆ. ಬಾಗಿಲಿಗೆ ಬರುವ ಸಣ್ಣ ಕಾರುಗಳಲ್ಲಿ ಆಟೋಮ್ಯಾಟಿಕ್ ಗೇರಿನವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಅವುಗಳ ಗೇರು ಸದ್ದು ಮಾಡುವುದಿಲ್ಲ. ಸದ್ದು ಮಾಡಿತೆಂದರೆ ಆಗಲೇ ತಡವಾಗಿರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ, ಈ ನಮ್ಮ ಮೂರು ತಾಲ್ಲೂಕುಗಳ ಜನ ಗೇರಿನ ಜೊತೆ ಹೇಗೆ ಬಾಳುತ್ತ ಬಂದರೆಂಬ ಕಥೆಯನ್ನು ಬರೆದಿಡಬೇಕು ಅನ್ನಿಸಿದ್ದು ಅದಕ್ಕಾಗಿಯೇ.

ಕಥೆ ನಿಜಾಮರ ಕಾಲದಿಂದ ಶುರುವಾಗುತ್ತದೆ. ಹೈದರಾಬಾದ್ ಸಂಸ್ಥಾನದ ರೈಲು ಇಲಾಖೆ 1932ರಲ್ಲಿ 27 ಬಸ್ಸು, 166 ಜನ ನೌಕರರೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. ಬಸ್ಸುಗಳು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು. ನಮ್ಮ ಉಸ್ತಾದರು ಹುಡುಗರಾಗಿದ್ದಾಗ ಅಂಥದೇ ಹಳೆಯ ಬಸ್ಸಿನಲ್ಲಿ ಕ್ಲೀನರ್ ಆಗಿದ್ದರು. ಅವುಗಳ ಗೇರಿನಲ್ಲಿ ಹಲ್ಲುಗಳ ವೇಗವನ್ನು ಹೊಂದಿಸುವ ಏರ್ಪಾಡು ಇರಲಿಲ್ಲ. ಡ್ರೈವರ್ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಇಂಜಿನ್ನಿನ ವೇಗ ತಕ್ಕಷ್ಟು ಆಗುವುದನ್ನು ಕಿವಿಯಲ್ಲೇ ಅಳೆದು, ಮತ್ತೆ ಕ್ಲಚ್ ಒತ್ತಿ ಮುಂದಿನ ಗೇರು ಹಾಕಬೇಕಿತ್ತು. ಇದೇ ಡಬಲ್ ಕ್ಲಚ್. ಅಳತೆ ತಪ್ಪಿದರೆ ಇಡೀ ಬಸ್ಸಿಗೆ ಕೇಳುವಂತೆ ಕಬ್ಬಿಣ ಕಿರುಚುತ್ತಿತ್ತು.

“ಹಲ್ಲಿಗಿ ಹಲ್ಲು ಕೂಡ್ಲಾಕ ಟೈಮ್ ಕೊಡು. ಅವಸರ ಮಾಡಿದ್ರ ಕಬ್ಬಿಣನೂ ಅಳ್ತದ” ಎನ್ನುವುದು ಉಸ್ತಾದರ ಮಾತು. ನನ್ನ ಕಸುಬೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.

1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ರಸ್ತೆ ಮಾತ್ರ ಬಹುಕಾಲ ಹಾಗೇ ಉಳಿಯಿತು. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಎರೆಮಣ್ಣಿನ ಅಂಟು. ಆ ರಸ್ತೆಗಳಲ್ಲಿ ಅಂಬಾಸಿಡರ್ ಮತ್ತು ಜೀಪುಗಳೇ ರಾಜರು. ಗಾಣಗಾಪುರದ ದತ್ತನ ದರ್ಶನಕ್ಕೆ ಬರುವ ಮಹಾರಾಷ್ಟ್ರದ ಭಕ್ತರನ್ನು, ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸಿಗೆ ಬರುವವರನ್ನು ಹೊತ್ತು ತಂದವು ಇವೇ ಗಾಡಿಗಳು. ಅಂಬಾಸಿಡರಿನ ಗೇರು ಕಡ್ಡಿ ಸ್ಟೇರಿಂಗಿನ ಬಗಲಿಗೇ ಇರುತ್ತಿತ್ತು, ಹಾಗಾಗಿ ಮುಂದಿನ ಸೀಟಿನಲ್ಲಿ ಡ್ರೈವರನ ಜೊತೆ ಇಬ್ಬರಲ್ಲ, ಮೂವರು ಕೂರುತ್ತಿದ್ದರು.

ಆ ಕಾಲದ ಗೇರ್ ಎಣ್ಣೆ ಕಾಕಂಬಿಯಷ್ಟು ಗಟ್ಟಿ, ಗಂಧಕದ ಘಾಟು. ಎಣ್ಣೆ ಕಡಿಮೆಯಾದರೆ ಗೇರು ಊಳಿಡುತ್ತಿತ್ತು, ಕ್ಲಚ್ ಸವೆದರೆ ಏರಿನಲ್ಲಿ ಇಂಜಿನ್ ಅರಚಿ ಗಾಡಿ ನಿಂತಲ್ಲೇ ನಿಲ್ಲುತ್ತಿತ್ತು. ಗಾಡಿ ತನ್ನ ನೋವನ್ನು ತಾನೇ ಹೇಳಿಕೊಳ್ಳುತ್ತಿತ್ತು. ಹೀಗಾಗಿ ಓದು ಬರಹ ಬಾರದ ಡ್ರೈವರನೂ ಗೇರು ಕೆಡುವ ಮುಂಚೆಯೇ ನಮ್ಮ ಬಾಗಿಲಿಗೆ ಬರುತ್ತಿದ್ದ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಕಾರು ಎಂಬುದು ಮೇಷ್ಟ್ರು, ಅಡತಿ ವ್ಯಾಪಾರಿಗಳ ಕೈಗೂ ಎಟುಕತೊಡಗಿತು. ಮರುವರ್ಷ ಬಂದ ಕೈನೆಟಿಕ್ ಹೋಂಡಾ ಸ್ಕೂಟರಿಗೆ ಗೇರೇ ಇರಲಿಲ್ಲ. ಆಳಂದಕ್ಕೆ ಮೊದಲ ಸಲ ಅದು ಬಂದಾಗ ನಾವು ಬಗಲಿನ ಡಬ್ಬಿ ಬಿಚ್ಚಿ ನೋಡಿದೆವು. ಒಳಗೆ ಹಲ್ಲಿನ ಸಾಲಿನ ಬದಲು ಎರಡು ಗಾಲಿ, ನಡುವೆ ಒಂದು ಬೆಲ್ಟು. ವೇಗಕ್ಕೆ ತಕ್ಕಂತೆ ಗಾಲಿಗಳ ತುಟಿ ಅಗಲವಾಗುತ್ತ ಕಿರಿದಾಗುತ್ತ ಬೆಲ್ಟನ್ನು ಮೇಲೆ ಕೆಳಗೆ ಮಾಡುತ್ತಿತ್ತು. ಉಸ್ತಾದರು ಬಹಳ ಹೊತ್ತು ಅದನ್ನೇ ನೋಡಿ, ಬೆಲ್ಟನ್ನು ಮೂಗಿನ ಹತ್ತಿರ ಹಿಡಿದರು. “ಇದು ಮಾತಾಡಂಗಿಲ್ಲ. ಇದಕ್ಕ ಮೂಗು ಬೇಕು, ಕಿವಿ ಸಾಲಂಗಿಲ್ಲ” ಎಂದರು.

ಹೊರದೇಶಗಳಲ್ಲಿ ಈ ಬದಲಾವಣೆ ಎಂದೋ ಆಗಿತ್ತು. ಅಮೆರಿಕದ ಜನರಲ್ ಮೋಟರ್ಸ್ ತನ್ನ ಹೈಡ್ರಾಮ್ಯಾಟಿಕ್ ಗೇರನ್ನು 1939ರಲ್ಲೇ ಓಲ್ಡ್ಸ್‌ಮೊಬೈಲ್ ಕಾರಿಗಾಗಿ ಹೊರತಂದಿತ್ತು. ಹಾಲೆಂಡಿನ ಡಾಫ್ ಕಂಪನಿ 1958ರಲ್ಲಿ ಬೆಲ್ಟಿನ ಗೇರಿರುವ ಸಣ್ಣ ಕಾರನ್ನೇ ಮಾಡಿ ತೋರಿಸಿತ್ತು. ನಮ್ಮ ದೇಶದಲ್ಲಿ ಜೆನ್ನಿನಂಥ ಸಣ್ಣ ಕಾರಿಗೆ ಆಟೋಮ್ಯಾಟಿಕ್ ಗೇರು ಸಿಕ್ಕಿದ್ದು 90ರ ದಶಕದಲ್ಲಿ. ನಮ್ಮ ಮೂರು ತಾಲ್ಲೂಕುಗಳಿಗೆ ಅಂಥ ಕಾರು ಬಂದದ್ದು ಇನ್ನೂ ತಡವಾಗಿ, ಅದೂ ಪುಣೆ, ಹೈದರಾಬಾದಿನಲ್ಲಿ ನೌಕರಿ ಮಾಡುವ ಮಕ್ಕಳು ಕೊಂಡ ಹಳೆಯ ಗಾಡಿಯಾಗಿ.

2011ರ ಮಳೆಗಾಲ. ಅಫಜಲಪುರದ ಒಬ್ಬ ರೈತರ ಮಗ ಪುಣೆಯಿಂದ ಅಂಥದೊಂದು ಕಾರು ತಂದಿದ್ದ. ಹೊಲದ ದಾರಿಯ ಎರೆಯಲ್ಲಿ ಗಾಲಿ ಹೂತವು. ಅರ್ಧ ಗಂಟೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಗೇರು ತಿರುವಿ ಎಕ್ಸಲೇಟರ್ ಒತ್ತಿದ್ದಾರೆ. ಆಗಲಿಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಊರಿನ ತನಕ 15 ಕಿಲೋಮೀಟರ್ ಎಳೆತಂದರು. ನಾನು ಹೋದಾಗ ಆ ಹಿರಿಯ ರೈತರು ಸಮಾಧಾನದಿಂದಲೇ ಹೇಳಿದರು: “ಹುಷಾರಿಲೆ ಎಳ್ಕೊಂಡ ಬಂದೇವ್ರಿ ಮಿಸ್ತ್ರಿ, ಒಂದೀಟೂ ಗೀಚು ಬಿದ್ದಿಲ್ಲ.”

ಎಣ್ಣೆಯ ಕಡ್ಡಿ ಹೊರತೆಗೆದೆ. ಕೆಂಪಗಿರಬೇಕಾದ ಎಣ್ಣೆ ಕಾಡಿಗೆಯಂತಿತ್ತು, ಸುಟ್ಟ ವಾಸನೆ. ಈ ಗೇರಿನಲ್ಲಿ ಇಂಜಿನ್ನಿನ ಬಲ ಗಾಲಿಗೆ ತಲುಪುವುದು ಎಣ್ಣೆಯ ಮೂಲಕ. ಎದುರುಬದುರು ಇಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ಹಚ್ಚಿದರೆ ಅದರ ಗಾಳಿಗೆ ಇನ್ನೊಂದು ತಿರುಗುವುದಿಲ್ಲವೇ, ಹಾಗೆ. ಗಾಲಿ ಹೂತು ಗಾಡಿ ಸರಿಯದಿದ್ದಾಗ ಆ ಬಲವೆಲ್ಲ ಕಾವಾಗಿ ಎಣ್ಣೆಯನ್ನೇ ಸುಡುತ್ತದೆ. ಎಳೆದು ತಂದದ್ದು ಇನ್ನೊಂದು ಪೆಟ್ಟು. ಎಣ್ಣೆಯನ್ನು ಒಳಗೆಲ್ಲ ಹಾಯಿಸುವ ಪಂಪು ಓಡುವುದು ಇಂಜಿನ್ ಓಡಿದರೆ ಮಾತ್ರ. ಇಂಜಿನ್ ಬಂದಾಗಿ ಮುಂದಿನ ಗಾಲಿ ನೆಲದ ಮೇಲೆ ಉರುಳಿದಷ್ಟೂ ಹೊತ್ತು ಗೇರು ಒಣಗಂಟಲಲ್ಲಿ ತಿರುಗುತ್ತದೆ. ಆ ಮನೆಯವರ ಎರಡು ಎಕರೆ ತೊಗರಿಯ ದುಡ್ಡು ಆ ಗೇರಿಗೇ ಹೋಯಿತು. ಜೀಪಿನ ಕಾಲದಲ್ಲಿ ಟ್ರ್ಯಾಕ್ಟರಿನ ಹಗ್ಗ ನಮಗೆ ದೊಡ್ಡ ಉಪಕಾರ. ಹೊಸ ಗಾಡಿಗೆ ಹಳೆಯ ಉಪಕಾರ ಒಗ್ಗದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಹೇಳುವುದು ನನ್ನ ಕೆಲಸವಾಯಿತು: ಹೂತರೆ ಗಾಲಿಯಡಿ ತೊಗರಿಕಟ್ಟಿಗೆ, ಕಲ್ಲು ಹಾಕಿರಿ, ಎರಡು ಸಲಕ್ಕೆ ಬರದಿದ್ದರೆ ಇಂಜಿನ್ ಬಂದ್ ಮಾಡಿರಿ. ದೂರ ಒಯ್ಯಬೇಕಾದರೆ ಮುಂದಿನ ಗಾಲಿ ಎತ್ತಿ ಒಯ್ಯಿರಿ, ಇಲ್ಲವೇ ಪೂರ್ತಿ ಗಾಡಿಯನ್ನೇ ಇನ್ನೊಂದರ ಮೇಲೆ ಹೇರಿರಿ.

2014ರಲ್ಲಿ ಸೆಲೆರಿಯೊ ಕಾರಿನ ಜೊತೆ ಎಎಂಟಿ ಬಂತು, ಆಟೋಮ್ಯಾಟಿಕ್ ಅಗ್ಗವಾಯಿತು. ಅದೇ ವರ್ಷ ಆಲ್ಟೊ ಕೆ10ಕ್ಕೆ, ಮರುವರ್ಷ ನ್ಯಾನೋಗೂ ಬಂತು. ಇದರೊಳಗೆ ಇರುವುದು ನಮ್ಮ ಹಳೆಯ ಹಲ್ಲಿನ ಗೇರೇ, ಹಳೆಯ ಕ್ಲಚ್ ಪ್ಲೇಟೇ. ಎಡಗಾಲು ಮತ್ತು ಎಡಗೈಯ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ಕಾಲಿಗೆ ಕ್ಲಚ್ ತಗಲದ ಕಾರಣ ಅದೊಂದು ಒಳಗಿದೆಯೆಂಬುದನ್ನೇ ಜನ ಮರೆಯುತ್ತಾರೆ. ಗಾಣಗಾಪುರದ ಹುಣ್ಣಿಮೆಯ ಗದ್ದಲದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಗಾಡಿಗಳು ಮೊಳ ಮೊಳವೇ ಸರಿಯುವಾಗ, ಏರಿನಲ್ಲಿ ಬ್ರೇಕ್ ಹಿಡಿಯದೆ ಎಕ್ಸಲೇಟರಿನಲ್ಲೇ ಗಾಡಿಯನ್ನು ತಡೆದು ನಿಲ್ಲಿಸುತ್ತಾರೆ. ಅಷ್ಟು ಹೊತ್ತೂ ಕ್ಲಚ್ ಅರೆಬರೆ ಹಿಡಿದು ಉಜ್ಜುತ್ತಿರುತ್ತದೆ. ಮುಂದಿನ ಗಾಡಿ ಎರಡು ಮಾರು ಹೋಗುವ ತನಕ ಬ್ರೇಕಿನಲ್ಲಿ ನಿಂತು, ಆಮೇಲೆ ಒಮ್ಮೆ ಸರಿದರೆ ಆ ಕ್ಲಚ್ ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ. ಗಾಡಿ ಪೂರ್ತಿ ನಿಲ್ಲುವ ಮುಂಚೆ ರಿವರ್ಸ್ ಹಾಕಬಾರದು. ಇಳಿಜಾರಿನಲ್ಲಿ ಮೊದಲು ಹ್ಯಾಂಡ್‌ಬ್ರೇಕ್ ಎಳೆಯಬೇಕು. ಪಾರ್ಕ್ ಗೇರು ಇರುವ ಗಾಡಿಯಾದರೆ ಆಮೇಲೆ ಅದಕ್ಕೆ ಹಾಕಬೇಕು, ಈ ಕ್ರಮ ತಪ್ಪಿದರೆ ಗಾಡಿಯ ಭಾರವೆಲ್ಲ ಬೆರಳಷ್ಟು ಗಾತ್ರದ ಒಂದು ಕೊಂಡಿಯ ಮೇಲೆ ಬೀಳುತ್ತದೆ.

ಎಣ್ಣೆಯ ವಿಚಾರದಲ್ಲಿ ನಾನು ಹಟಮಾರಿ. ಕಾರಿನ ಬೆಲ್ಟಿನ ಗೇರಿಗೆ ಅದರದೇ ಎಣ್ಣೆ ಬೇಕು. ಕೆಂಪಗಿದೆ ಎಂದು ಬೇರೆಯದನ್ನು ಸುರಿದರೆ ಉಕ್ಕಿನ ಬೆಲ್ಟು ಜಾರಿ ಗಾಲಿಯನ್ನೇ ಕೆರೆಯುತ್ತದೆ. ಕೆಲವು ಕಾರುಗಳ ಪುಸ್ತಕದಲ್ಲಿ ಈ ಎಣ್ಣೆ ಗಾಡಿಯ ಜೀವಮಾನಕ್ಕೆ ಸಾಕು ಎಂದಿರುತ್ತದೆ. ಕಠಿಣ ಬಳಕೆಯಾದರೆ ಬೇಗ ಬದಲಿಸಬೇಕು ಎಂದೂ ಅವೇ ಪುಸ್ತಕಗಳು ಹಲವು ಸಲ ಹೇಳುತ್ತವೆ. ಮೇ ತಿಂಗಳಲ್ಲಿ 43 ಡಿಗ್ರಿ ದಾಟುವ ನಮ್ಮ ಬಿಸಿಲು, ಧೂಳು, ಎರೆ ಇವೆಲ್ಲ ಕಠಿಣ ಬಳಕೆಯೇ. ಎಣ್ಣೆಯ ಮೂಲಕ ಬಲ ಸಾಗಿಸುವ ಗೇರುಗಳಿಗೆ ನನ್ನ ಗ್ಯಾರೇಜಿನಲ್ಲಿ 40,000 ಕಿಲೋಮೀಟರಿಗೆ ಎಣ್ಣೆ ಬದಲಿಸುತ್ತೇನೆ.

2020ರ ಅಕ್ಟೋಬರಿನಲ್ಲಿ ಉಜನಿ ಜಲಾಶಯದಿಂದ ಬಿಟ್ಟ ನೀರಿಗೆ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ದಂಡೆಯ ಊರುಗಳಿಗೆ ನುಗ್ಗಿತು. ನೀರಿಳಿದ ಮೇಲೆ ಗಾಡಿಗಳು ಸಾಲುಗಟ್ಟಿದವು. ಹಲವರು ಚಾವಿ ತಿರುವಿ ನೋಡಿಯೇ ಬಂದಿದ್ದರು. ದಂಡೆಯ ಊರಿನ ಶಿಕ್ಷಕಿಯೊಬ್ಬರು ಮಾತ್ರ ಮೊದಲು ಫೋನ್ ಮಾಡಿದರು: “ನೀರಾಗ ನಿಂತದ್ರಿ. ಚಾವಿ ಮುಟ್ಟಿಲ್ಲ. ಏನ್ ಮಾಡ್ಲಿ?” ಗಾಡಿಯನ್ನು ಲಾರಿಯ ಮೇಲೆ ತರಿಸಿದೆವು. ಗೇರಿನ ಉಸಿರುನಳಿಕೆಯಿಂದ ನೀರು ಒಳಗಿಳಿದಿತ್ತು. ಹೊರಬಂದ ಎಣ್ಣೆ ಗುಲಾಬಿ ಹಾಲಿನ ಹಾಗಿತ್ತು. ಗೇರಿನೊಳಗಿನ ತಟ್ಟೆಗಳಿಗೆ ಅಂಟಿಸಿದ ಪದರ ನೀರು ಕುಡಿದರೆ ಅಂಟು ಬಿಡುತ್ತದೆ, ಇಂಜಿನ್ ಹಚ್ಚಿದ್ದರೆ ಆ ನೀರು ಮೂಲೆ ಮೂಲೆಗೂ ಹೋಗುತ್ತಿತ್ತು. ಮೂರು ಸಲ ಹೊಸ ಎಣ್ಣೆ ತುಂಬಿ ತೆಗೆದೆವು. ಆ ಕಾರು ಇಂದಿಗೂ ಶಾಲೆಗೆ ಹೋಗಿಬರುತ್ತಿದೆ.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಕಾಯಿ ಒಡೆಯುವ ರೂಢಿ ಹಳೆಯದು. ಆ ದಿನ ಬೆಳಿಗ್ಗೆ ನನ್ನ ಗಿರಾಕಿಗಳು ಗಾಡಿಯನ್ನು ಒಂದು ಮಾರು ಹಿಂದಕ್ಕೆ ತೆಗೆದು, ರಾತ್ರಿಯೆಲ್ಲ ಅದು ನಿಂತಿದ್ದ ನೆಲ ನೋಡುತ್ತಾರೆ. ಕೆಂಪು ಹನಿ ಬಿದ್ದಿದ್ದರೆ ಕಾಯಿ ಒಡೆದ ಮೇಲೆ ನೇರ ನನ್ನಲ್ಲಿಗೆ ಬರುತ್ತಾರೆ. ನನ್ನ ಹತ್ತಿರ ಕಲಿಯುವ ಹುಡುಗರು ಆ ಎಣ್ಣೆಯ ಒಂದು ಹನಿಯನ್ನು ಬಿಳಿ ಕಾಗದಕ್ಕೆ ತಗುಲಿಸಿ, ಬಣ್ಣ ನೋಡಿ, ಮೂಗಿಗೆ ಹಿಡಿದು, ಪಕ್ಕದಲ್ಲಿ ತಾರೀಖು ಬರೆಯುತ್ತಾರೆ. ಆ ಕಾಗದದ ವಹಿಯಲ್ಲಿ ನೂರಾರು ಹನಿಗಳಿವೆ. ಹೊಸ ಹುಡುಗ ಬಂದರೆ ಮೊದಲ ತಿಂಗಳು ಅವನ ಕೈಗೆ ಪಾನಾ ಕೊಡುವುದಿಲ್ಲ, ಆ ವಹಿ ಕೊಡುತ್ತೇನೆ.