ಕೆಂಪಾದ ಕಿವಿ, ಕಪ್ಪು ನೆಲ

ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಕಾಗವಾಡದ ಸುತ್ತಿನ ಊರುಗಳಲ್ಲಿ ಅಂದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹಲವು ಕಾಯಿಪಲ್ಲೆ ಕೂಡಿಸಿ ಮಾಡಿದ ಪಲ್ಯ. ಉಳಿದ ದಿನಗಳಿಗೆ ಬಿಳಿಜೋಳದ ರೊಟ್ಟಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ. ಈ ತಾಟಿನಲ್ಲಿ ಮೆಗ್ನೀಸಿಯಂ ಎಂಬ ಖನಿಜ ತುಂಬಿದೆಯೆಂದು ರೊಟ್ಟಿ ಬಡಿದ ಅಜ್ಜಿಯರಿಗೆ ಯಾರೂ ಹೇಳಿರಲಿಲ್ಲ. ಜಗತ್ತಿಗೂ ಅದು ತಡವಾಗಿಯೇ ತಿಳಿಯಿತು.

1618ರಲ್ಲಿ ಇಂಗ್ಲೆಂಡಿನ ಎಪ್ಸಮ್‌ನಲ್ಲಿ ದನಗಳು ಒಂದು ಹೊಂಡದ ಕಹಿ ನೀರನ್ನು ಮೂಸಿ ಬಿಟ್ಟವಂತೆ. ಆ ನೀರಿನ ಉಪ್ಪೇ ಮುಂದೆ ಭೇದಿಯ ಔಷಧವಾಯಿತು. 1755ರಲ್ಲಿ ಜೋಸೆಫ್ ಬ್ಲ್ಯಾಕ್ ಮೆಗ್ನೀಷಿಯಾ ಬೇರೆ, ಸುಣ್ಣ ಬೇರೆ ಎಂದು ತೋರಿಸಿದ. 1808ರಲ್ಲಿ ಹಂಫ್ರಿ ಡೇವಿ ವಿದ್ಯುತ್ ಹಾಯಿಸಿ ಲೋಹವನ್ನೇ ಬೇರ್ಪಡಿಸಿದ. ಆದರೂ ಇದು ಬದುಕಿಗೆ ಬೇಕೇಬೇಕಾದ ವಸ್ತುವೆಂದು ತಿಳಿಯಲು ಇನ್ನೂ ನೂರು ವರ್ಷ ಹಿಡಿಯಿತು. ಇದಿಲ್ಲದೆ ಇಲಿಮರಿಗಳು ಬೆಳೆಯವು ಎಂದು ಫ್ರಾನ್ಸಿನ ಲೆರಾಯ್ 1926ರಲ್ಲಿ ಕಂಡ.

1932ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕ್ರೂಸ್, ಎಲ್ಸಾ ಓರೆಂಟ್, ಮೆಕಾಲಮ್ ಎಂಬ ಮೂವರು ಇಲಿಗಳಿಗೆ ಮೆಗ್ನೀಸಿಯಂ ಬಹುತೇಕ ತೆಗೆದ ಆಹಾರ ಕೊಟ್ಟರು. ಕೆಲವೇ ದಿನಗಳಲ್ಲಿ ಇಲಿಗಳ ರಕ್ತನಾಳ ಹಿಗ್ಗಿ ಕಿವಿಗಳು ಕೆಂಪಾದವು. ಬೆಚ್ಚಿಬೀಳುವುದು, ಸೆಳವು, ಸಾವು ಬಂದದ್ದು ಆಮೇಲೆ. ಅಂದರೆ ಕೊರತೆಯ ಸುದ್ದಿಯನ್ನು ಮೊದಲು ಹೇಳಿದ್ದು ರಕ್ತನಾಳ.

ಕಿವಿ ಏಕೆ ಕೆಂಪಾಯಿತು? ಉತ್ತರ ಬಂದದ್ದು 1990ರ ದಶಕದಲ್ಲಿ, ವಿಲಿಯಂ ವೆಗ್ಲಿಕಿ ಮತ್ತು ಸಂಗಡಿಗರಿಂದ. ಮೆಗ್ನೀಸಿಯಂ ತಗ್ಗಿದಾಗ ನರತುದಿಗಳು ‘ಸಬ್‌ಸ್ಟೆನ್ಸ್ ಪಿ’ ಎಂಬ ವಸ್ತುವನ್ನು ಸುರಿಸುತ್ತವೆ. ನಾಳ ಹಿಗ್ಗುತ್ತದೆ, ಉರಿಯೂತ ಶುರುವಾಗುತ್ತದೆ. ಬಿಳಿ ರಕ್ತಕಣಗಳು ಆಮ್ಲಜನಕದ ಪುಂಡ ಕಣಗಳನ್ನು ಕಾರುತ್ತವೆ. ಅವನ್ನು ತಣಿಸಬೇಕಾದ ಗ್ಲುಟಾಥಯೋನ್ ಕರಗುತ್ತದೆ. ಇದೇ ಆಕ್ಸಿಡೇಟಿವ್ ಒತ್ತಡ. ಈ ಪುಂಡ ಕಣಗಳು ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನೂ ನುಂಗುತ್ತವೆ. ಅತ್ತ ಮೆಗ್ನೀಸಿಯಂನ ತಡೆಯಿಲ್ಲದೆ ಕ್ಯಾಲ್ಸಿಯಂ ನಾಳದ ಸ್ನಾಯುವಿಗೆ ನುಗ್ಗಿ ಅದನ್ನು ಬಿಗಿಯುತ್ತದೆ. ಹೀಗೆ ಮೊದಲು ಹಿಗ್ಗಿದ ನಾಳ ಕೊರತೆ ಮುಂದುವರಿದಂತೆ ಬಿರುಸಾಗುತ್ತದೆ.

ಇಲಿಯ ಕಥೆಯನ್ನು ಮನುಷ್ಯನಿಗೆ ಹಾಗೆಯೇ ಹೊಂದಿಸಲಾಗದು. ಮೆಗ್ನೀಸಿಯಂ ಪೂರಕದಿಂದ ರಕ್ತದೊತ್ತಡ ಇಳಿಯುವುದು ಸ್ವಲ್ಪವೇ. ಮೂತ್ರಪಿಂಡದ ತೊಂದರೆಯಿದ್ದವರಿಗೆ ಆ ಗುಳಿಗೆ ಅಪಾಯವೂ ಹೌದು. ಕೊರತೆಯನ್ನು ಹಿಡಿಯುವುದೂ ಕಷ್ಟ. ದೇಹದಲ್ಲಿರುವ ಸುಮಾರು 25 ಗ್ರಾಂನಲ್ಲಿ ರಕ್ತದ್ರವದ ಪಾಲು ಶೇ. 1ಕ್ಕಿಂತ ಕಡಿಮೆ. ಅದು ತಗ್ಗಿದರೆ ಎಲುಬು ತನ್ನ ಗಂಟಿನಿಂದ ಸಾಲ ಕೊಡುತ್ತದೆ. ಹಾಗಾಗಿ ಪರೀಕ್ಷೆಯ ಚೀಟಿಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣಬಹುದು.

ಇನ್ನು ನಮ್ಮ ನೆಲಕ್ಕೆ ಬರೋಣ. ಕಾಗವಾಡದ ಎರೆಮಣ್ಣು ದಖ್ಖನ್ನಿನ ಕಪ್ಪು ಶಿಲೆಯ ಮಗಳು. ಆ ಶಿಲೆಯಲ್ಲೇ ಮೆಗ್ನೀಸಿಯಂ ಇದೆ. ಆದರೆ 1939ರಲ್ಲಿ ಉಗಾರ ಸಕ್ಕರೆ ಕಂಪನಿ ಹುಟ್ಟಿದ ಮೇಲಿನ ದಶಕಗಳಲ್ಲಿ ಕೃಷ್ಣೆಯ ನೀರು ಹರಿದ ಹೊಲಗಳನ್ನು ಕಬ್ಬು ಆಳಿತು. ಕಬ್ಬು ರೈತನ ಸಾಲ ತೀರಿಸಿತು, ಮಕ್ಕಳನ್ನು ಓದಿಸಿತು, ಅದನ್ನು ಹಳಿಯುವಂತಿಲ್ಲ. ಆದರೆ ಅದೇ ಹೊತ್ತಿಗೆ ತಾಟೂ ಬೆಳ್ಳಗಾಯಿತು. ಪಾಲಿಶ್ ಅಕ್ಕಿಯಲ್ಲಿರುವ ಮೆಗ್ನೀಸಿಯಂ ಜೋಳದ ಕಾಲು ಭಾಗವೂ ಅಲ್ಲ. ಬಿಳಿ ಸಕ್ಕರೆಯಲ್ಲಿ ಇಲ್ಲವೆಂದರೂ ಸರಿ.

ಭೋಗಿಯ ರೊಟ್ಟಿ ವರ್ಷಕ್ಕೊಂದು ದಿನದ ನೆನಪಾಗಿ ಉಳಿದರೆ ನಷ್ಟ ನಮ್ಮದೇ. ಇಲಿಯ ಕಿವಿ ಕೆಂಪಾಗಿಯಾದರೂ ಹೇಳಿತು. ನಮ್ಮ ನಾಳಗಳು ಬಹಳ ಕಾಲ ಏನೂ ಹೇಳುವುದಿಲ್ಲ.