ಗುಲಾಮನ ಸಂಕಲೆ ಕಳಚಿದ ನ್ಯಾಯಮೂರ್ತಿ

1771ರ ಚಳಿಗಾಲ. ಲಂಡನ್ನಿನ ಥೇಮ್ಸ್ ನದಿಯಲ್ಲಿ ಜಮೈಕಾಕ್ಕೆ ಹೊರಡಲಿದ್ದ ಹಡಗೊಂದರಲ್ಲಿ ಜೇಮ್ಸ್ ಸಾಮರ್‌ಸೆಟ್ ಎಂಬ ಆಫ್ರಿಕನ್ ಗುಲಾಮನನ್ನು ಸಂಕಲೆ ತೊಡಿಸಿ ಕೂಡಿಹಾಕಲಾಗಿತ್ತು. ಒಡೆಯ ಚಾರ್ಲ್ಸ್ ಸ್ಟೂವರ್ಟ್‌ನ ಬಳಿಯಿಂದ ತಪ್ಪಿಸಿಕೊಂಡು ಮತ್ತೆ ಸಿಕ್ಕಿಬಿದ್ದ ಅವನನ್ನು ಜಮೈಕಾದಲ್ಲಿ ಮಾರಿಬಿಡುವುದೆಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಹಿತೈಷಿಗಳು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅದು ಬಂದದ್ದು ಕಿಂಗ್ಸ್ ಬೆಂಚ್‌ನ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅವರ ಮುಂದೆ.

ವಿಲಿಯಂ ಮರ್ರೆ ಅವರ ಮೂಲ ಹೆಸರು. 1705ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, 1730ರಲ್ಲಿ ವಕೀಲಿ ಆರಂಭಿಸಿದರು. 1742ರಲ್ಲಿ ಸಾಲಿಸಿಟರ್ ಜನರಲ್ ಆದರು. ಕಲ್ಕತ್ತೆಯ ಹಿಂದೂ ಸಾಕ್ಷಿಗಳು ತಮ್ಮ ಧರ್ಮದ ರೀತಿಯಲ್ಲಿ ಪ್ರಮಾಣ ಮಾಡಿ ಹೇಳಿದ ಸಾಕ್ಷ್ಯವನ್ನು ಇಂಗ್ಲಿಷ್ ನ್ಯಾಯಾಲಯ ಒಪ್ಪಬೇಕೆಂದು 1744ರ ಒಮಿಚಂದ್ ಪ್ರಕರಣದಲ್ಲಿ ವಾದಿಸಿದವರಲ್ಲಿ ಅವರೂ ಒಬ್ಬರು. ಆ ವಾದ ಗೆದ್ದಿತು. 1756ರಿಂದ 1788ರವರೆಗೆ, 32 ವರ್ಷ, ಮುಖ್ಯ ನ್ಯಾಯಮೂರ್ತಿಯಾಗಿದ್ದರು. ವರ್ತಕರನ್ನೇ ಜ್ಯೂರಿಯಲ್ಲಿ ಕೂರಿಸಿ, ಅವರ ರೂಢಿಗಳನ್ನು ಕೇಳಿ ತಿಳಿದು, ಹುಂಡಿ ಮತ್ತು ವಿಮೆಯ ಕಾನೂನಿಗೆ ಸ್ಪಷ್ಟ ರೂಪ ಕೊಟ್ಟರು.

ಸಾಮರ್‌ಸೆಟ್ ಪ್ರಕರಣ ಮಾತ್ರ ಅವರಿಗೆ ಬಿಸಿತುಪ್ಪವಾಯಿತು. ಗುಲಾಮರೆಂದರೆ ಅಂದು ಆಸ್ತಿ. ಆಸ್ತಿಯ ಹಕ್ಕನ್ನು ಕಾಯುವುದು ನ್ಯಾಯಾಲಯದ ಕೆಲಸ. ರಾಜಿ ಮಾಡಿಕೊಳ್ಳಿರೆಂದು ಅವರು ಸೂಚಿಸಿಯೂ ನೋಡಿದರು. ಎರಡೂ ಕಡೆಯವರು ಬಗ್ಗಲಿಲ್ಲ. ಕೊನೆಗೆ 1772ರ ಜೂನ್ 22ರಂದು ತೀರ್ಪು ಹೊರಬಿತ್ತು: ಗುಲಾಮಗಿರಿ ಎಷ್ಟು ಹೇಯವೆಂದರೆ, ಸ್ಪಷ್ಟ ಶಾಸನವಿಲ್ಲದೆ ಅದು ನಿಲ್ಲಲಾರದು, ಇಂಗ್ಲೆಂಡಿನಲ್ಲಿ ಅಂಥ ಶಾಸನವಿಲ್ಲ, ಸಾಮರ್‌ಸೆಟ್‌ನನ್ನು ಬಿಡತಕ್ಕದ್ದು.

ಇಂಗ್ಲೆಂಡಿನ ಗುಲಾಮರೆಲ್ಲ ಬಿಡುಗಡೆಯಾದರೆಂದೇ ಜನ ಭಾವಿಸಿದರು. ಗುಲಾಮನನ್ನು ಬಲವಂತವಾಗಿ ದೇಶದಿಂದ ಹೊರಗೆ ಸಾಗಿಸುವಂತಿಲ್ಲ ಎಂದಷ್ಟೇ ತಾವು ಹೇಳಿದ್ದೆಂದು ಮ್ಯಾನ್ಸ್‌ಫೀಲ್ಡ್ ಮುಂದೆ ಸ್ಪಷ್ಟಪಡಿಸಿದರು. 1783ರಲ್ಲಿ ಜಾಂಗ್ ಹಡಗಿನ ಪ್ರಕರಣ ಅವರೆದುರು ಬಂತು. ನೂರಮೂವತ್ತಕ್ಕೂ ಹೆಚ್ಚು ಗುಲಾಮರನ್ನು ಸಮುದ್ರಕ್ಕೆಸೆದು, ಸರಕು ನಷ್ಟವಾಯಿತೆಂದು ಮಾಲೀಕರು ವಿಮೆ ಹಣ ಕೇಳಿದ್ದರು. ಮರುವಿಚಾರಣೆಗೆ ನ್ಯಾಯಾಲಯ ಆದೇಶಿಸಿತಾದರೂ ಅಲ್ಲಿ ಚರ್ಚೆಯಾದದ್ದು ವಿಮೆ, ಕೊಲೆಯಲ್ಲ.

ಅವರ ಮನೆಯಲ್ಲೇ ಡೈಡೊ ಎಲಿಜಬೆತ್ ಬೆಲ್ ಬೆಳೆದಳು. ಅವರ ಸೋದರಳಿಯನಿಗೆ ಗುಲಾಮ ಹೆಂಗಸಿನಲ್ಲಿ ಹುಟ್ಟಿದ ಮಗಳು ಆಕೆ. ತಮ್ಮ ಉಯಿಲಿನಲ್ಲಿ ಅವರು ಆಕೆಗೆ ವರ್ಷಾಶನ ಬರೆದಿಟ್ಟರು. ಆಕೆ ಸ್ವತಂತ್ರಳೆಂದೂ ಬೇರೆಯಾಗಿ ದೃಢಪಡಿಸಿದರು. 1793ರಲ್ಲಿ ಅವರು ತೀರಿಕೊಂಡರು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದತಿಯ ಶಾಸನ ಬಂದದ್ದು 1833ರಲ್ಲಿ. ತಮ್ಮ ತೀರ್ಪೊಂದೇ ಆ ಹುಡುಗಿಯನ್ನು ಕಾಯಲಾರದೆಂಬುದು ಅದನ್ನು ಬರೆದವರಿಗೇ ಚೆನ್ನಾಗಿ ಗೊತ್ತಿದ್ದಂತಿದೆ.